ಪೊರೆ ಮತ್ತು ವಿಟ್ರಿಯಸ್ ಶಸ್ತ್ರಚಿಕಿತ್ಸೆ ಒಟ್ಟಿಗೆ ನಡೆದಾಗ ಕಣ್ಣಿನ ನಂಬರ್ ಏಕೆ ಜಾರುತ್ತದೆ?

ಪೊರೆ ತೆಗೆದು ಕೃತಕ ಲೆನ್ಸ್ ಇಡುವ ಶಸ್ತ್ರಚಿಕಿತ್ಸೆ ಇಂದು ಬಹಳ ನಿಖರವಾಗಿದೆ. ದೂರದ ನೋಟಕ್ಕೆ ಇನ್ನು ಕನ್ನಡಕ ಬೇಡ ಎಂಬ ನಿರೀಕ್ಷೆ ಇಟ್ಟುಕೊಂಡೇ ಜನ ಅದಕ್ಕೆ ಒಪ್ಪುತ್ತಾರೆ. ಪೊರೆಯ ಜೊತೆಗೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ತೊಂದರೆಯೂ ಇದ್ದು, ಕಣ್ಣಿನೊಳಗಿನ ಜೆಲ್ ಆದ ವಿಟ್ರಿಯಸ್ ತೆಗೆಯುವ ವಿಟ್ರೆಕ್ಟಮಿಯನ್ನೂ ಅದೇ ಸಲ ಮಾಡಿಸಿಕೊಂಡವರ ಅನುಭವ ಸ್ವಲ್ಪ ಬೇರೆ. ರೆಟಿನಾ ಚೆನ್ನಾಗಿ ಕೂತಿದೆ, ಲೆನ್ಸ್ ತನ್ನ ಜಾಗದಲ್ಲಿದೆ, ಗಾಯ ಮಾಯ್ದಿದೆ. ಆದರೂ ನಂಬರ್ ಪರೀಕ್ಷಿಸಿದಾಗ ಲೆಕ್ಕ ಹಾಕಿದ್ದಕ್ಕಿಂತ ಅರ್ಧ ಡಯಾಪ್ಟರ್‌ನಷ್ಟು ಹೆಚ್ಚು ಮೈನಸ್ ಬಂದಿರುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಇದು ಬರೀ ಆಕಸ್ಮಿಕವಾಗಿದ್ದರೆ ಪ್ಲಸ್ ಕಡೆಗೂ ಮೈನಸ್ ಕಡೆಗೂ ಸಮನಾಗಿ ಹಂಚಿಹೋಗಬೇಕಿತ್ತು. ಈ ಬಗ್ಗೆ ನಡೆದ ಬಹುಪಾಲು ಅಧ್ಯಯನಗಳಲ್ಲಿ ಸರಾಸರಿ ವಾಲಿರುವುದು ಮೈನಸ್ ಕಡೆಗೇ, ಸಾಮಾನ್ಯವಾಗಿ 0.3ರಿಂದ 0.5 ಡಯಾಪ್ಟರ್‌ನಷ್ಟು. ಒಂದೇ ದಿಕ್ಕಿಗೆ ವಾಲುವ ವ್ಯತ್ಯಾಸಕ್ಕೆ ಕಾರಣ ಇರಲೇಬೇಕು. ಕಾರಣ ಗೊತ್ತಿರುವ ವ್ಯತ್ಯಾಸವನ್ನು ರೋಗಿಗೆ ಮೊದಲೇ ತಿಳಿಸಬಹುದು, ತಿಳಿಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರ್ಧ ಡಯಾಪ್ಟರ್ ಎಂದರೆ ಎಷ್ಟು? ಮೈನಸ್ 0.5 ಇರುವ ಕಣ್ಣಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವ ಕೊನೆಯ ಬಿಂದು ಎರಡು ಮೀಟರ್ ದೂರದಲ್ಲಿದೆ. ಮೈನಸ್ 1 ಆದರೆ ಅದು ಒಂದು ಮೀಟರ್‌ಗೆ ಬರುತ್ತದೆ. ಎದುರು ಕೂತವರ ಮುಖ, ಮೇಜಿನ ಮೇಲಿನ ಕಂಪ್ಯೂಟರ್ ಪರದೆ ಸರಿಯಾಗಿ ಕಾಣುತ್ತವೆ. ರಸ್ತೆಯಾಚೆಯ ಫಲಕ, ರಾತ್ರಿ ಎದುರಿನಿಂದ ಬರುವ ವಾಹನದ ದೀಪ ಮಸುಕಾಗುತ್ತವೆ. ಕನ್ನಡಕ ಹಾಕಿದರೆ ಸರಿಹೋಗುವ ಮಸುಕು ಇದು, ಕುರುಡುತನದ ಸೂಚನೆಯಲ್ಲ. ಆದರೆ ರೆಟಿನಾದ ಕಾಯಿಲೆಯಿಂದ ಮೊದಲೇ ಹೆದರಿರುವವರಿಗೆ ಈ ಮಸುಕು ಯಾವ ಜಾತಿಯದು ಎಂದು ತಿಳಿಯುವುದು ಹೇಗೆ? ಶಸ್ತ್ರಚಿಕಿತ್ಸೆ ಕೆಟ್ಟಿತೇನೋ ಎಂಬ ಭಯ ಹುಟ್ಟುವುದು ಇಲ್ಲೇ.

ಎರಡನ್ನೂ ಒಟ್ಟಿಗೆ ಏಕೆ ಮಾಡಬೇಕು ಎಂದು ಕೇಳಬಹುದು. ವಿಟ್ರಿಯಸ್ ಎಂಬುದು ಕಣ್ಣಿನ ಹಿಂಭಾಗವನ್ನು ತುಂಬಿರುವ, ಸುಮಾರು ನಾಲ್ಕು ಮಿಲಿಲೀಟರ್‌ನಷ್ಟಿರುವ ಪಾರದರ್ಶಕ ಜೆಲ್. ಅದರ ಬಹುಪಾಲು ನೀರೇ. ಉಳಿದ ಅಲ್ಪ ಅಂಶದ ಕೊಲಾಜೆನ್ ಮತ್ತು ಹೈಯಲುರಾನಿಕ್ ಆಮ್ಲ ಅದಕ್ಕೆ ಜೆಲ್‌ನ ಗುಣ ಕೊಡುತ್ತವೆ. ರೆಟಿನಾದ ಕಡೆಯ ಆಮ್ಲಜನಕ ಲೆನ್ಸಿನವರೆಗೆ ಹೋಗದಂತೆ ತಡೆಯುವ ಕೆಲಸವನ್ನೂ ಈ ಜೆಲ್ ಮಾಡುತ್ತದೆ. ಜೆಲ್ ಹೋಗಿ ನೀರಿನಂಥ ದ್ರವ ತುಂಬಿದಾಗ ಸಹಜ ಲೆನ್ಸಿಗೆ ಹೆಚ್ಚು ಆಮ್ಲಜನಕ ತಾಗುತ್ತದೆ, ಅದರ ನಡುಭಾಗ ಬೇಗ ಗಡುಸಾಗಿ ಕಂದುತ್ತದೆ. ಐವತ್ತು ದಾಟಿದವರಲ್ಲಿ ವಿಟ್ರೆಕ್ಟಮಿಯಾದ ಎರಡು ವರ್ಷಗಳೊಳಗೆ ಬಹುತೇಕರಿಗೆ ಪೊರೆ ಬಲಿಯುವುದು ಇದರಿಂದಲೇ. ಹೇಗೂ ಬರುವ ಪೊರೆಯನ್ನು ಈಗಲೇ ತೆಗೆದರೆ ರೋಗಿಗೆ ಒಂದು ಶಸ್ತ್ರಚಿಕಿತ್ಸೆ ಉಳಿಯುತ್ತದೆ, ವೈದ್ಯರಿಗೆ ಕಣ್ಣಿನ ಅಂಚಿನ ವಿಟ್ರಿಯಸ್‌ವರೆಗೆ ಕೈಯಾಡಿಸಲು ಅನುಕೂಲವಾಗುತ್ತದೆ. 1967ರಲ್ಲಿ ಚಾರ್ಲ್ಸ್ ಕೆಲ್ಮನ್ ಪರಿಚಯಿಸಿದ, ಪೊರೆಯನ್ನು ಅಲ್ಟ್ರಾಸೌಂಡ್‌ನಿಂದ ಪುಡಿಮಾಡಿ ಹೀರುವ ಫೇಕೋ ವಿಧಾನ, 1970ರ ದಶಕದ ಆರಂಭದಲ್ಲಿ ರಾಬರ್ಟ್ ಮ್ಯಾಕೆಮರ್ ರೂಪಿಸಿದ ವಿಟ್ರೆಕ್ಟಮಿ, ಆಮೇಲೆ ಬಂದ 23, 25 ಮತ್ತು 27 ಗೇಜ್‌ನ ಸಪೂರ ಉಪಕರಣಗಳು (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಉಪಕರಣ ತೆಳು) ಎಲ್ಲ ಸೇರಿ ಈ ಜೋಡಿ ಶಸ್ತ್ರಚಿಕಿತ್ಸೆ ಈಗ ದಿನನಿತ್ಯದ ಮಾತಾಗಿದೆ. ಎಪಿರೆಟಿನಲ್ ಮೆಂಬ್ರೇನ್ (ರೆಟಿನಾದ ಮೇಲೆ ಬೆಳೆಯುವ ತೆಳುಪದರ), ಮ್ಯಾಕ್ಯುಲರ್ ಹೋಲ್ (ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ಬಿದ್ದ ರಂಧ್ರ), ರೆಟಿನಾ ಬಿಚ್ಚಿಕೊಳ್ಳುವಿಕೆ, ಮಧುಮೇಹದಿಂದ ಕಣ್ಣಿನೊಳಗಾದ ರಕ್ತಸ್ರಾವ ಇದಕ್ಕೆ ಸಾಮಾನ್ಯ ಕಾರಣಗಳು.

ನಂಬರ್ ಜಾರುವುದನ್ನು ಅರ್ಥ ಮಾಡಿಕೊಳ್ಳಲು, ಕೃತಕ ಲೆನ್ಸಿನ ಪವರ್ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನು ನೋಡಬೇಕು. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಬಾಗು ಎಷ್ಟು, ಕಾರ್ನಿಯಾದಿಂದ ರೆಟಿನಾದವರೆಗೆ ಕಣ್ಣಿನ ಉದ್ದ ಎಷ್ಟು, ಹೊಸ ಲೆನ್ಸ್ ಕಣ್ಣಿನೊಳಗೆ ಎಷ್ಟು ಆಳದಲ್ಲಿ ಕೂರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಮೊದಲ ಎರಡನ್ನು ಅಳೆಯಬಹುದು. ಮೂರನೆಯದನ್ನು ಊಹಿಸಬೇಕು, ಏಕೆಂದರೆ ಅಳೆಯುವ ದಿನ ಆ ಲೆನ್ಸ್ ಇನ್ನೂ ಪೊಟ್ಟಣದೊಳಗಿರುತ್ತದೆ. ಎಸ್‌ಆರ್‌ಕೆ-ಟಿ, ಹೈಗಿಸ್, ಬ್ಯಾರೆಟ್ ಯುನಿವರ್ಸಲ್ 2, ಕೇನ್ ಮುಂತಾದ ಸೂತ್ರಗಳ ನಡುವಿನ ಮುಖ್ಯ ಭೇದ ಈ ಊಹೆಯನ್ನು ಹೇಗೆ ಮಾಡುತ್ತವೆ ಎಂಬುದರಲ್ಲಿದೆ. ಬರೀ ಪೊರೆ ಶಸ್ತ್ರಚಿಕಿತ್ಸೆಯಲ್ಲೂ ನಂಬರ್ ತಪ್ಪಲು ಅತಿ ದೊಡ್ಡ ಕಾರಣ ಲೆನ್ಸ್ ಕೂರುವ ಜಾಗದ ಊಹೆಯೇ. 2008ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಒಟ್ಟು ದೋಷದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಇದರ ಲೆಕ್ಕಕ್ಕೆ ಹಾಕಿತ್ತು. ಸರಾಸರಿ ಉದ್ದದ ಕಣ್ಣಿನಲ್ಲಿ ಲೆನ್ಸ್ ಅರ್ಧ ಮಿಲಿಮೀಟರ್ ಮುಂದೆ ಕೂತರೆ ಅರ್ಧ ಡಯಾಪ್ಟರ್‌ಗಿಂತ ಹೆಚ್ಚು ಮೈನಸ್ ಬರುತ್ತದೆ. ಕಣ್ಣಿನ ಉದ್ದದ ಅಳತೆಯಂತೂ ಇನ್ನೂ ಸೂಕ್ಷ್ಮ. ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ ತಪ್ಪಿದರೆ ಕಾಲು ಡಯಾಪ್ಟರ್‌ನಷ್ಟು ಏರುಪೇರು. ಈ ಸೂತ್ರಗಳನ್ನೆಲ್ಲ ಹದಗೊಳಿಸಿದ್ದು ವಿಟ್ರಿಯಸ್ ತನ್ನ ಜಾಗದಲ್ಲೇ ಇದ್ದ, ರೆಟಿನಾ ಆರೋಗ್ಯವಾಗಿದ್ದ ಕಣ್ಣುಗಳ ಫಲಿತಾಂಶದ ಮೇಲೆ ಎಂಬುದನ್ನು ಮರೆಯಬಾರದು. ಜೋಡಿ ಶಸ್ತ್ರಚಿಕಿತ್ಸೆಗೆ ಒಳಗಾಗುವ ಕಣ್ಣು ಆ ಗುಂಪಿಗೆ ಸೇರಿದ್ದೇ ಅಲ್ಲ.

ಮೊದಲು ಉದ್ದದ ಅಳತೆಯ ವಿಚಾರ. ಹಳೆಯ ಅಲ್ಟ್ರಾಸೌಂಡ್ ವಿಧಾನದಲ್ಲಿ ಧ್ವನಿತರಂಗ ರೆಟಿನಾದ ಒಳಮೈಗೆ ತಾಗಿ ಮರಳುತ್ತದೆ. ಬೆಳಕನ್ನು ಬಳಸುವ ಆಪ್ಟಿಕಲ್ ಬಯೋಮೀಟರ್ ರೆಟಿನಾವನ್ನು ದಾಟಿ ಅದರ ತಳದಲ್ಲಿರುವ ವರ್ಣಕೋಶಗಳ ಪದರದವರೆಗೆ ಅಳೆಯುತ್ತದೆ. ರೆಟಿನಾ ತೆಳ್ಳಗೆ, ಸಹಜವಾಗಿದ್ದರೆ ಎರಡರ ಅಂತರ ಸ್ಥಿರವಾಗಿರುವುದರಿಂದ ತೊಂದರೆಯಿಲ್ಲ. ಎಪಿರೆಟಿನಲ್ ಮೆಂಬ್ರೇನ್‌ನಲ್ಲಿ ಹಾಗಲ್ಲ. ಮ್ಯಾಕ್ಯುಲಾದ ಮೇಲೆ ಬೆಳೆದ ತೆಳುಪದರ ಸುಕ್ಕುಗಟ್ಟಿ ಎಳೆದು, ಸುಮಾರು 250 ಮೈಕ್ರಾನ್ ಇರಬೇಕಾದ ಜಾಗ 450 ಮೈಕ್ರಾನ್‌ಗೆ ಉಬ್ಬಿದೆ ಎಂದುಕೊಳ್ಳಿ. ಅಲ್ಟ್ರಾಸೌಂಡ್ ಆ ಉಬ್ಬಿನ ತುದಿಯಲ್ಲೇ ನಿಂತು, ಕಣ್ಣು 0.2 ಮಿಲಿಮೀಟರ್ ಗಿಡ್ಡವೆಂದು ವರದಿ ಕೊಡುತ್ತದೆ. ಗಿಡ್ಡ ಕಣ್ಣಿಗೆ ಹೆಚ್ಚು ಪವರ್‌ನ ಲೆನ್ಸ್ ಬೇಕೆಂದು ಸೂತ್ರ ಹೇಳುತ್ತದೆ. ಬೆಳಕನ್ನು ಗ್ರಹಿಸುವ ಕೋಶಗಳು ಇರುವುದು ಮಾತ್ರ ಮೊದಲಿನಂತೆ ತಳದಲ್ಲೇ. ಫಲ, ಹೆಚ್ಚುಕಡಿಮೆ ಅರ್ಧ ಡಯಾಪ್ಟರ್ ಮೈನಸ್. ಆಪ್ಟಿಕಲ್ ಯಂತ್ರ ಬಂದ ಮೇಲೆ ಈ ದೋಷ ಬಹಳ ಇಳಿದಿದೆ, ಪೂರ್ತಿ ಹೋಗಿಲ್ಲ. ದಪ್ಪ ಮೆಂಬ್ರೇನ್ ಇದ್ದಲ್ಲಿ ಯಂತ್ರದ ಗ್ರಾಫ್‌ನಲ್ಲಿ ಒಂದರ ಬದಲು ಎರಡು ಶಿಖರಗಳು ಏಳುತ್ತವೆ, ಯಂತ್ರ ಕೆಲವೊಮ್ಮೆ ಮುಂಭಾಗದ ಶಿಖರವನ್ನೇ ಆರಿಸಿಬಿಡುತ್ತದೆ. ಪರದೆಯ ಮೇಲಿನ ಸಂಖ್ಯೆಯನ್ನಷ್ಟೇ ಬರೆದುಕೊಳ್ಳದೆ ಗ್ರಾಫ್ ತೆರೆದು ನೋಡುವ ತಂತ್ರಜ್ಞರು ಇಲ್ಲಿ ಒಬ್ಬ ರೋಗಿಯ ನಂಬರ್ ತಪ್ಪದಂತೆ ಕಾಯುತ್ತಾರೆ.

ರೆಟಿನಾ ಬಿಚ್ಚಿಕೊಂಡು ಮ್ಯಾಕ್ಯುಲಾ ಕೂಡ ಮೇಲೆದ್ದಿದ್ದರೆ ತಪ್ಪು ಇನ್ನೂ ದೊಡ್ಡದು. ತೇಲುತ್ತಿರುವ ರೆಟಿನಾವನ್ನೇ ಕಣ್ಣಿನ ಹಿಂಗೋಡೆ ಎಂದು ಯಂತ್ರ ಭಾವಿಸಿದರೆ ಅಳತೆ ಮಿಲಿಮೀಟರ್‌ಗಳ ಲೆಕ್ಕದಲ್ಲಿ ತಪ್ಪುತ್ತದೆ, ನಂಬರ್ ಹಲವು ಡಯಾಪ್ಟರ್ ಜಾರುತ್ತದೆ. ಇಂಥಲ್ಲಿ ಇನ್ನೊಂದು ಕಣ್ಣಿನ ಉದ್ದವನ್ನು ಆಧಾರವಾಗಿ ಹಿಡಿಯುವುದು ರೂಢಿ. ಎರಡೂ ಕಣ್ಣುಗಳ ಹಳೆಯ ನಂಬರ್ ಹತ್ತಿರ ಹತ್ತಿರ ಇದ್ದರೆ ಆ ರೂಢಿ ಕೆಲಸಕ್ಕೆ ಬರುತ್ತದೆ. ಒಂದು ಕಣ್ಣಿಗೆ ಮಾತ್ರ ಭಾರಿ ಮೈನಸ್ ಇದ್ದವರಲ್ಲಿ ಅದನ್ನು ನಂಬುವಂತಿಲ್ಲ. ರೋಗಿಯ ಹಳೆಯ ಕನ್ನಡಕದ ಚೀಟಿ ಬೆಲೆಬಾಳುವ ದಾಖಲೆಯಾಗುವುದು ಇಂಥ ಹೊತ್ತಿನಲ್ಲೇ.

ಎರಡನೆಯದು ಲೆನ್ಸ್ ಕೂರುವ ಜಾಗ. ಮ್ಯಾಕ್ಯುಲರ್ ಹೋಲ್ ಅಥವಾ ಬಿಚ್ಚಿದ ರೆಟಿನಾಕ್ಕೆ ಚಿಕಿತ್ಸೆ ಮಾಡಿದ ಮೇಲೆ ಕಣ್ಣಿನೊಳಗೆ ಗಾಳಿ, ಇಲ್ಲವೇ ಎಸ್‌ಎಫ್-6 ಅಥವಾ ಸಿ3ಎಫ್8 ಅನಿಲ ತುಂಬುತ್ತಾರೆ. ಗಾಳಿ ಸುಮಾರು ಒಂದು ವಾರ, ಎಸ್‌ಎಫ್-6 ಎರಡು ವಾರ, ಸಿ3ಎಫ್8 ಆರರಿಂದ ಎಂಟು ವಾರ ಇರುತ್ತದೆ. ಅನಿಲ ಮೇಲಕ್ಕೇರುವ ವಸ್ತು. ರೋಗಿ ಅಂಗಾತ ಮಲಗಿದರೆ ಗುಳ್ಳೆ ನೇರವಾಗಿ ಹೊಸ ಲೆನ್ಸಿನ ಬೆನ್ನಿಗೆ ಒತ್ತುತ್ತದೆ. ಮುಖ ಕೆಳಗೆ ಮಾಡಿ ಮಲಗಿ ಎಂದು ವೈದ್ಯರು ಹೇಳುವುದು ಮುಖ್ಯವಾಗಿ ಗುಳ್ಳೆ ರೆಟಿನಾಕ್ಕೆ ಒತ್ತಿಕೊಂಡಿರಲಿ ಎಂದು. ಆ ಮಾತನ್ನು ಪಾಲಿಸುವುದರಿಂದ ಲೆನ್ಸಿಗೂ ಉಪಕಾರವಾಗುತ್ತದೆ. ಲೆನ್ಸ್ ಇರುವ ಚೀಲ (ಸಹಜ ಲೆನ್ಸಿನ ಉಳಿಸಿಕೊಂಡ ಹೊರಹೊದಿಕೆ) ಮೊದಲ ಕೆಲವು ವಾರಗಳಲ್ಲಿ ಕುಗ್ಗಿ ಲೆನ್ಸನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದೇ ವಾರಗಳಲ್ಲಿ ಹಿಂದಿನಿಂದ ಒತ್ತಡ ಬಿದ್ದರೆ ಲೆನ್ಸ್ ತುಸು ಮುಂದಕ್ಕೆ ಸರಿದು ಅಲ್ಲೇ ನೆಲೆಯಾಗಬಹುದು. ಕಣ್ಣಿನ ಮುಂಗೋಣೆಯ, ಅಂದರೆ ಕಾರ್ನಿಯಾ ಮತ್ತು ಲೆನ್ಸಿನ ನಡುವಿನ ಜಾಗದ, ಆಳ ಅಳೆದ ಕೆಲವು ಅಧ್ಯಯನಗಳಲ್ಲಿ ಅನಿಲ ತುಂಬಿದ ಕಣ್ಣುಗಳಲ್ಲಿ ಮೈನಸ್ ಹೆಚ್ಚು ಕಂಡಿದೆ. ಎಲ್ಲ ಅಧ್ಯಯನಗಳೂ ಇದನ್ನು ಒಪ್ಪುವುದಿಲ್ಲ, ಕೆಲವದರಲ್ಲಿ ಅನಿಲ ಇದ್ದರೂ ಇಲ್ಲದಿದ್ದರೂ ಫಲಿತಾಂಶ ಒಂದೇ. ಲೆನ್ಸಿನ ವಿನ್ಯಾಸ, ಚೀಲದ ಮುಂಭಾಗದಲ್ಲಿ ಕತ್ತರಿಸುವ ವೃತ್ತದ ಅಳತೆ ಎಲ್ಲ ಕಡೆ ಒಂದೇ ಇರುವುದಿಲ್ಲವಾದ್ದರಿಂದ ಈ ಭೇದ ನನಗೆ ಅಚ್ಚರಿ ತರುವುದಿಲ್ಲ. ಆರು ಮಿಲಿಮೀಟರ್‌ನ ಲೆನ್ಸಿಗೆ ಐದು ಮಿಲಿಮೀಟರ್ ಆಸುಪಾಸಿನ ವೃತ್ತ ತೆಗೆದು, ಚೀಲದ ಅಂಚು ಸುತ್ತಲೂ ಲೆನ್ಸಿನ ಮೇಲೆ ಕೂರುವಂತೆ ಮಾಡಿದರೆ ಅನಿಲ ಎಷ್ಟೇ ತಳ್ಳಿದರೂ ಅದಕ್ಕೊಂದು ತಡೆಯಿರುತ್ತದೆ.

ಜೆಲ್ ಹೋಗಿ ನೀರು ತುಂಬುವುದರಿಂದ ಬೆಳಕಿನ ಬಾಗುವಿಕೆಯೂ ತುಸು ಬದಲಾಗುತ್ತದೆ ಎಂಬ ವಾದವಿದೆ. ಎರಡರ ವಕ್ರೀಭವನ ಸೂಚ್ಯಂಕದ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆಯ) ಅಂತರ ಬಹಳ ಚಿಕ್ಕದು, ಅದರ ಪಾಲೂ ಚಿಕ್ಕದೇ. ಹಿಂದೆ 20 ಗೇಜ್ ಗಾಯಗಳಿಗೆ ಹಾಕುತ್ತಿದ್ದ ಹೊಲಿಗೆ ಕಾರ್ನಿಯಾವನ್ನು ಎಳೆದು, ಅದರ ಬಾಗು ಎಲ್ಲ ದಿಕ್ಕಿಗೂ ಒಂದೇ ಇರದ ದೋಷವಾದ ಅಸ್ಟಿಗ್ಮ್ಯಾಟಿಸಂ ತರುತ್ತಿತ್ತು, ಈಗಿನ ಸಪೂರ ಉಪಕರಣಗಳಲ್ಲಿ ಆ ಚಿಂತೆ ಬಹುಮಟ್ಟಿಗೆ ಇಲ್ಲ.

ಅನಿಲದ ಬದಲು ಕೆಲವೊಮ್ಮೆ ತುಂಬುವ ಸಿಲಿಕೋನ್ ಎಣ್ಣೆಯನ್ನು ಮಾತ್ರ ಪ್ರತ್ಯೇಕವಾಗಿ ನೋಡಬೇಕು. ಎಣ್ಣೆಯ ವಕ್ರೀಭವನ ಸೂಚ್ಯಂಕ ಸುಮಾರು 1.40, ವಿಟ್ರಿಯಸ್‌ನದು 1.336. ಲೆನ್ಸಿನ ಹಿಂದೆ ಎಣ್ಣೆ ತುಂಬಿದಾಗ ಆ ಲೆನ್ಸಿನ ಹಿಂಬದಿಯ ಬಾಗು ತನ್ನ ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಂಡು, ನಂಬರ್ ಹಲವು ಡಯಾಪ್ಟರ್ ಪ್ಲಸ್ ಕಡೆಗೆ ಜಿಗಿಯುತ್ತದೆ. ಎಣ್ಣೆ ತೆಗೆದ ಮೇಲೆ ಮರಳಿ ಬರುತ್ತದೆ. ಎಣ್ಣೆ ಇರುವಾಗಲೇ ಅಲ್ಟ್ರಾಸೌಂಡ್‌ನಿಂದ ಉದ್ದ ಅಳೆದರೆ ಇನ್ನೊಂದು ಅಪಾಯವಿದೆ. ವಿಟ್ರಿಯಸ್‌ನಲ್ಲಿ ಧ್ವನಿ ಸೆಕೆಂಡಿಗೆ 1532 ಮೀಟರ್ ಓಡಿದರೆ ಎಣ್ಣೆಯಲ್ಲಿ ಸುಮಾರು 980 ಮೀಟರ್ ಮಾತ್ರ. ಯಂತ್ರಕ್ಕೆ ಎಣ್ಣೆಯ ವಿಷಯ ತಿಳಿಸದಿದ್ದರೆ, ವಿಟ್ರಿಯಸ್ ಭಾಗ 16 ಮಿಲಿಮೀಟರ್ ಇರುವ ಕಣ್ಣಿನಲ್ಲಿ ಅದನ್ನು 25 ಎಂದು ತೋರಿಸುತ್ತದೆ. ಆ ಸಂಖ್ಯೆ ನಂಬಿ ಲೆನ್ಸ್ ಹಾಕಿದರೆ ಆಗುವ ಅನಾಹುತವನ್ನು ಊಹಿಸಿಕೊಳ್ಳಬಹುದು. ಇನ್ನು ಬಿಚ್ಚಿದ ರೆಟಿನಾಕ್ಕೆ ಹೊರಗಿನಿಂದ ಕಣ್ಣಿನ ಸುತ್ತ ಪಟ್ಟಿ ಕಟ್ಟಿದಾಗ ಕಣ್ಣೇ ಉದ್ದವಾಗುವುದರಿಂದ ಎರಡು ಮೂರು ಡಯಾಪ್ಟರ್ ಮೈನಸ್ ಸೇರಬಹುದು. ಶಸ್ತ್ರಚಿಕಿತ್ಸೆಗೆ ಮುಂಚಿನ ಅಳತೆ ಅಂಥ ಕಣ್ಣಿಗೆ ಹಳೆಯದಾಗಿಬಿಟ್ಟಿರುತ್ತದೆ.

ಹಾಗಾದರೆ ಪರಿಹಾರ ಸುಲಭವಲ್ಲವೇ? ಸರಾಸರಿ ಅರ್ಧ ಡಯಾಪ್ಟರ್ ಮೈನಸ್ ಬರುತ್ತದೆಂದರೆ ಗುರಿಯನ್ನು ಅರ್ಧ ಡಯಾಪ್ಟರ್ ಪ್ಲಸ್ ಕಡೆಗೆ ಇಟ್ಟುಕೊಂಡರಾಯಿತು. ಕೆಲವು ಶಸ್ತ್ರವೈದ್ಯರು ಹೀಗೆ ಮಾಡುತ್ತಾರೆ. ಎಲ್ಲರಿಗೂ ಒಂದೇ ತಿದ್ದುಪಡಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಒಬ್ಬ ರೋಗಿಗೆ ಮೈನಸ್ 1.0, ಇನ್ನೊಬ್ಬರಿಗೆ ಪ್ಲಸ್ 0.4 ವ್ಯತ್ಯಾಸ ಬಂದರೆ ಸರಾಸರಿ ಮೈನಸ್ 0.3. ಆ 0.3 ಇಬ್ಬರಲ್ಲಿ ಯಾರ ಕಣ್ಣಿನ ಸತ್ಯವೂ ಅಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ, ಎರಡೂ ದಿಕ್ಕಿನ ನಷ್ಟ ಸಮವಲ್ಲ. ಕೃತಕ ಲೆನ್ಸಿಗೆ ಫೋಕಸ್ ಬದಲಿಸುವ ಶಕ್ತಿಯಿಲ್ಲ. ಮೈನಸ್ 0.5 ಉಳಿದವರಿಗೆ ದೂರ ಮಸುಕಾದರೂ ಎರಡು ಮೀಟರ್‌ನಲ್ಲಿ ಎಲ್ಲ ಸ್ಪಷ್ಟ. ಪ್ಲಸ್ 0.5 ಉಳಿದವರಿಗೆ ಕನ್ನಡಕವಿಲ್ಲದೆ ಯಾವ ದೂರದಲ್ಲೂ ಪೂರ್ತಿ ಸ್ಪಷ್ಟತೆಯಿಲ್ಲ. ಆಪ್ಟಿಕಲ್ ಯಂತ್ರದಿಂದ ಅಳೆದ, ಅನಿಲದ ಅಗತ್ಯ ಬೀಳದ ಕಣ್ಣಿಗೂ ಸರಾಸರಿಯ ಹೆಸರಿನಲ್ಲಿ ಪ್ಲಸ್ ಗುರಿ ಇಟ್ಟರೆ ಬಾರದ ಮೈನಸ್‌ಗಾಗಿ ರೋಗಿಯನ್ನು ಪ್ಲಸ್‌ಗೆ ದೂಡಿದಂತಾಗುತ್ತದೆ. ತಿದ್ದುಪಡಿ ಬೇಕಾದಲ್ಲಿ ಆಯಾ ಕಣ್ಣಿನ ಕಾರಣ ನೋಡಿ ಮಾಡಬೇಕು: ಅಳತೆ ಯಾವ ಯಂತ್ರದ್ದು, ಮ್ಯಾಕ್ಯುಲಾ ಎಷ್ಟು ಉಬ್ಬಿದೆ, ಅನಿಲ ಹಾಕುತ್ತಾರೆಯೇ, ಯಾವ ಲೆನ್ಸ್.

ಇದಕ್ಕೆ ಬೇಕಾದ ಮಾಹಿತಿ ಪ್ರತಿ ಶಸ್ತ್ರವೈದ್ಯರ ಕಡತದಲ್ಲೇ ಇದೆ. ಉದಾಹರಣೆಗೆ, ಸೂತ್ರ ಮೈನಸ್ 0.20 ಬರುತ್ತದೆ ಎಂದಿತ್ತು ಎಂದುಕೊಳ್ಳಿ. ಮೂರು ತಿಂಗಳ ಮೇಲೆ ಪರೀಕ್ಷಿಸಿದಾಗ ಗೋಳಾಕಾರದ ನಂಬರ್ ಮೈನಸ್ 0.50, ಸಿಲಿಂಡರ್ (ಅಸ್ಟಿಗ್ಮ್ಯಾಟಿಸಂನ ನಂಬರ್) ಮೈನಸ್ 0.50 ಬಂತು. ಸಿಲಿಂಡರ್‌ನ ಅರ್ಧ ಸೇರಿಸಿದರೆ ಮೈನಸ್ 0.75, ವ್ಯತ್ಯಾಸ ಮೈನಸ್ 0.55. ಇಷ್ಟೇ ಲೆಕ್ಕ. ಜೋಡಿ ಶಸ್ತ್ರಚಿಕಿತ್ಸೆಯ ಕಣ್ಣುಗಳನ್ನು ಬರೀ ಪೊರೆಯ ಕಣ್ಣುಗಳ ಜೊತೆ ಬೆರೆಸದೆ, ಅನಿಲ ಹಾಕಿದವು ಹಾಕದವು ಎಂದು ಬೇರ್ಪಡಿಸಿ ಈ ವ್ಯತ್ಯಾಸ ಬರೆದಿಡುತ್ತ ಹೋದರೆ ತಮ್ಮದೇ ಕೈಯ, ತಮ್ಮದೇ ಲೆನ್ಸಿನ ತಿದ್ದುಪಡಿ ಸಿಗುತ್ತದೆ. ಹೊಸ ಸೂತ್ರ ಕೊಳ್ಳುವುದಕ್ಕಿಂತ ಈ ಶಿಸ್ತಿನಿಂದ ಆಗುವ ಲಾಭ ದೊಡ್ಡದು ಎಂದು ನಾನು ನಂಬುತ್ತೇನೆ. ಲೆನ್ಸುಗಳು ಸಾಮಾನ್ಯವಾಗಿ ಅರ್ಧ ಡಯಾಪ್ಟರ್ ಅಂತರದಲ್ಲಿ ಸಿಗುತ್ತವೆ, ಕನ್ನಡಕದ ಮಟ್ಟಕ್ಕೆ ಇಳಿಸಿದರೆ ಆ ಒಂದು ಮೆಟ್ಟಿಲು 0.35 ಡಯಾಪ್ಟರ್ ಆಸುಪಾಸು. ಅದಕ್ಕಿಂತ ನಯವಾದ ನಿಖರತೆಯ ಭರವಸೆಯನ್ನು ಯಾರೂ ಕೊಡುವಂತಿಲ್ಲ.

ಎರಡನ್ನೂ ಬೇರೆ ಬೇರೆ ಮಾಡಿದರೆ ನಂಬರ್ ಹೆಚ್ಚು ಸರಿಬರುತ್ತದೆಯೇ? ರೆಟಿನಾ ಸಮತಟ್ಟಾದ ಮೇಲೆ ಅಳತೆ ತೆಗೆಯುವುದರಿಂದ ತತ್ತ್ವತಃ ಹೌದು. ಆದರೆ ವಿಟ್ರಿಯಸ್ ಇಲ್ಲದ ಕಣ್ಣಿನಲ್ಲಿ ಪೊರೆ ತೆಗೆಯುವುದು ಹೆಚ್ಚು ನಾಜೂಕಿನ ಕೆಲಸ. ಹಿಂದಿನ ಆಸರೆಯಿಲ್ಲದೆ ಮುಂಗೋಣೆಯ ಆಳ ಹೆಚ್ಚುಕಡಿಮೆಯಾಗುತ್ತಿರುತ್ತದೆ. ಜೊತೆಗೆ ಎರಡನೇ ಶಸ್ತ್ರಚಿಕಿತ್ಸೆಯವರೆಗೆ ರೋಗಿ ಬಲಿಯುತ್ತಿರುವ ಪೊರೆಯೊಡನೆ ತಿಂಗಳುಗಟ್ಟಲೆ ಕಳೆಯಬೇಕು. ಕಾಲು ಅರ್ಧ ಡಯಾಪ್ಟರ್‌ಗಾಗಿ ಅಷ್ಟು ಬೆಲೆ ತೆರುವುದು ಹೆಚ್ಚಿನವರಿಗೆ ಬೇಕಿಲ್ಲ. ಮ್ಯಾಕ್ಯುಲಾ ಸಹಿತ ಬಿಚ್ಚಿದ ರೆಟಿನಾದಲ್ಲಿ, ಪೊರೆ ಅಷ್ಟೇನೂ ಬಲಿತಿಲ್ಲದಿದ್ದರೆ, ಲೆನ್ಸ್ ಹಾಕುವುದನ್ನು ಮುಂದೂಡುವುದೇ ಜಾಣತನ ಎನಿಸುತ್ತದೆ.

ಶಸ್ತ್ರಚಿಕಿತ್ಸೆಯಾದ ಮೇಲಿನ ವಾರಗಳ ಬಗ್ಗೆಯೂ ರೋಗಿಗೆ ತಿಳಿದಿರಬೇಕು. ಅನಿಲ ತುಂಬಿದ ಕಣ್ಣಿಗೆ ಮೊದಮೊದಲು ಕೈಯಾಡಿಸಿದ್ದಷ್ಟೇ ಕಾಣುತ್ತದೆ. ಗುಳ್ಳೆ ಕರಗುತ್ತ ಬಂದಂತೆ ನೋಟದ ಮೇಲ್ಭಾಗದಲ್ಲಿ ಒಂದು ಸ್ಪಷ್ಟ ಪಟ್ಟಿ ತೆರೆಯುತ್ತದೆ, ಅದರ ಕೆಳಗೆ ತಲೆಯಾಡಿಸಿದರೆ ತುಳುಕುವ ಗೆರೆ ಇರುತ್ತದೆ. ಗುಳ್ಳೆ ನಿಜವಾಗಿ ಇರುವುದು ಕಣ್ಣಿನ ಮೇಲ್ಭಾಗದಲ್ಲಿ. ರೆಟಿನಾದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಅದು ಕೆಳಗಿದ್ದಂತೆ ಕಾಣುತ್ತದೆ. ದಿನದಿಂದ ದಿನಕ್ಕೆ ಗೆರೆ ಕೆಳಗಿಳಿದು, ಕೊನೆಗೆ ಪುಟ್ಟ ಗುಂಡಾಗಿ ಮಾಯವಾಗುತ್ತದೆ. ಅಷ್ಟರವರೆಗೆ ವಿಮಾನ ಹತ್ತುವಂತಿಲ್ಲ, ಕನ್ನಡಕದ ನಂಬರ್ ತೆಗೆಸುವುದಕ್ಕೂ ಅರ್ಥವಿಲ್ಲ. ಅನಿಲ ಪೂರ್ತಿ ಹೋಗಿ, ಚೀಲ ಲೆನ್ಸನ್ನು ಹಿಡಿದುಕೊಂಡ ಮೇಲೆ, ಎರಡರಿಂದ ಮೂರು ತಿಂಗಳಿಗೆ ಮಾಡಿಸಿದ ಕನ್ನಡಕ ನಿಲ್ಲುತ್ತದೆ.

ಆಗಲೂ ಮಸುಕಿದ್ದರೆ ಅದು ನಂಬರ್‌ನದೋ ರೆಟಿನಾದ್ದೋ ಎಂದು ತಿಳಿಯಲು ಪಿನ್‌ಹೋಲ್ ಸಾಕು. ಒಂದು ಮಿಲಿಮೀಟರ್‌ಗಿಂತ ತುಸು ದೊಡ್ಡ ರಂಧ್ರವಿರುವ ಕಪ್ಪು ಫಲಕದ ಮೂಲಕ ಅಕ್ಷರಗಳ ಪಟ್ಟಿಯನ್ನು ನೋಡಿದಾಗ ಇನ್ನೂ ಎರಡು ಸಾಲು ಕೆಳಗೆ ಓದಲು ಬಂದರೆ ತೊಂದರೆ ನಂಬರ್‌ನದು, ಕನ್ನಡಕದಿಂದ ಹೋಗುತ್ತದೆ. ರಂಧ್ರದಿಂದಲೂ ಸುಧಾರಿಸದಿದ್ದರೆ, ಅಥವಾ ನೇರ ಗೆರೆಗಳು ಡೊಂಕಾಗಿ ಕಂಡರೆ, ನೋಡಬೇಕಾದ್ದು ಮ್ಯಾಕ್ಯುಲಾವನ್ನು. ಮೆಂಬ್ರೇನ್ ತೆಗೆದ ಮೇಲೂ ಡೊಂಕು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷದವರೆಗೆ ನಿಧಾನವಾಗಿ ಇಳಿಯುತ್ತಿರುತ್ತದೆ, ಸ್ವಲ್ಪ ಉಳಿಯಲೂಬಹುದು. ಅದನ್ನು ಸರಿಪಡಿಸಲೆಂದು ಪದೇ ಪದೇ ಕನ್ನಡಕ ಬದಲಿಸುವುದು ದುಡ್ಡು ದಂಡ.

ಶಸ್ತ್ರಚಿಕಿತ್ಸೆಗೆ ಮುಂಚಿನ ಮಾತುಕತೆಯಲ್ಲಿ ಇನ್ನೊಂದು ಕಣ್ಣಿನ ಪ್ರಸ್ತಾಪ ಬಂದೇ ಬರಬೇಕು. ಆ ಕಣ್ಣಿಗೆ ಮೈನಸ್ 6 ಇದ್ದು ಈ ಕಣ್ಣನ್ನು ಸೊನ್ನೆಗೆ ತಂದರೆ, ಕನ್ನಡಕದಲ್ಲಿ ಎರಡು ಕಣ್ಣುಗಳ ಚಿತ್ರದ ಗಾತ್ರ ಹೊಂದುವುದಿಲ್ಲ. ಮೂರು ಡಯಾಪ್ಟರ್ ದಾಟಿದ ವ್ಯತ್ಯಾಸವನ್ನು ಕನ್ನಡಕದಿಂದ ಸಹಿಸುವುದು ಹಲವರಿಗೆ ಆಗುವುದಿಲ್ಲ. ಅಂಥವರಿಗೆ ಗುರಿಯನ್ನು ಮೈನಸ್ ಮೂರರ ಆಸುಪಾಸು ಇಡಬೇಕೋ, ಇನ್ನೊಂದು ಕಣ್ಣಿಗೂ ಬೇಗನೆ ಲೆನ್ಸ್ ಹಾಕಬೇಕೋ ಎಂದು ರೋಗಿಯ ಜೊತೆ ಕೂತು ತೀರ್ಮಾನಿಸಬೇಕು. ಮ್ಯಾಕ್ಯುಲಾ ರೋಗ ಇರುವವರಿಗೆ ದೂರಕ್ಕೂ ಹತ್ತಿರಕ್ಕೂ ಬೆಳಕನ್ನು ಹಂಚುವ ಮಲ್ಟಿಫೋಕಲ್ ಲೆನ್ಸ್ ಬೇಡ, ಮೊದಲೇ ಕುಂದಿದ ಕಾಂಟ್ರಾಸ್ಟ್ (ಕಪ್ಪುಬಿಳುಪಿನ ಭೇದ ಗುರುತಿಸುವ ಶಕ್ತಿ) ಇನ್ನಷ್ಟು ಕುಂದುತ್ತದೆ. ದೂರಕ್ಕೂ ಓದಿಗೂ ಕನ್ನಡಕ ಬೇಕಾಗಬಹುದು, ದೂರದ ನಂಬರ್ ತುಸು ಮೈನಸ್ ಕಡೆಗೆ ವಾಲುವ ಸಾಧ್ಯತೆ ಹೆಚ್ಚು ಎಂಬ ಮಾತನ್ನು ಕಡತದಲ್ಲಿ ಗುರಿಯ ಸಂಖ್ಯೆಯ ಜೊತೆಗೇ ಬರೆದಿಟ್ಟರೆ ಮುಂದಿನ ವೈದ್ಯರಿಗೂ ಅನುಕೂಲ.

ನಂಬರ್ ತೀರಾ ತಪ್ಪಿದಾಗ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಕಾರ್ನಿಯಾದ ಲೇಸರ್, ಇರುವ ಲೆನ್ಸಿನ ಮೇಲೆ ಇನ್ನೊಂದು ಲೆನ್ಸ್, ಕೊನೆಗೆ ಲೆನ್ಸನ್ನೇ ಬದಲಿಸುವುದು ಎಂಬ ದಾರಿಗಳಿವೆ. ವಿಟ್ರಿಯಸ್ ಇಲ್ಲದ ಕಣ್ಣಿನಲ್ಲಿ ಲೆನ್ಸ್ ಬದಲಿಸುವುದು ಹೆಚ್ಚು ಅಪಾಯದ ಕೆಲಸವಾದ್ದರಿಂದ ಒಂದು ಡಯಾಪ್ಟರ್‌ಗಾಗಿ ಅದಕ್ಕೆ ಕೈಹಾಕಬಾರದು. ಇನ್ನೊಂದು ಕಣ್ಣಿಗೆ ಲೆನ್ಸ್ ಆರಿಸುವ ಹೊತ್ತಿಗೆ ಮೊದಲ ಕಣ್ಣಿನ ವ್ಯತ್ಯಾಸವನ್ನು ಹಾಗೆಯೇ ನಕಲು ಮಾಡುವುದೂ ತಪ್ಪು. ಮೊದಲ ಕಣ್ಣು ಮೈನಸ್‌ಗೆ ಜಾರಿದ್ದು ಉಬ್ಬಿದ ಮ್ಯಾಕ್ಯುಲಾದಿಂದಲೋ ಅನಿಲದಿಂದಲೋ ಆಗಿದ್ದರೆ, ಬರೀ ಪೊರೆ ಇರುವ ಎರಡನೇ ಕಣ್ಣಿಗೆ ಆ ತಿದ್ದುಪಡಿಯ ಅಗತ್ಯವೇ ಇಲ್ಲ.